ಇಂಜಿನ್ ಭಾಗ ಮಾಡುವವರು ಎಲೆಕ್ಟ್ರಿಕ್ ಕಾಲಕ್ಕೆ ಹೊರಡುವಾಗ: ಮಾಲೀಕರಿಗೆ ಯಾವ ಕೋರ್ಸ್ ತಕ್ಕದ್ದು?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ದ್ವಿಚಕ್ರ ವಾಹನಗಳ ಬಿಡಿಭಾಗ ತಯಾರಿಸುವ ಪರಿಚಿತರು ಕಳೆದ ಎರಡು ವರ್ಷಗಳಿಂದ ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಉದ್ಯಮಿಗಳಿಗೆಂದು ನಡೆಯುವ ಕೋರ್ಸ್‌ಗೆ ಸೇರಬೇಕೇ, ಮಗನನ್ನೋ ಮಗಳನ್ನೋ ಹೈದರಾಬಾದಿನ ಕುಟುಂಬ ಉದ್ಯಮದ ಕೋರ್ಸ್‌ಗೆ ಕಳಿಸಬೇಕೇ, ಯಂತ್ರದ ಕಡೆಯ ತರಬೇತಿ ಪಡೆದರೆ ಸಾಕೇ, ಇಲ್ಲವೇ ರಾತ್ರಿ ಹೊತ್ತು ಆನ್‌ಲೈನಿನಲ್ಲಿ ಓದಿಕೊಂಡರೆ ಆದೀತೇ? ಇಪ್ಪತ್ತೆರಡು ವರ್ಷ ಕ್ಲಚ್ ಮತ್ತು ಗೇರ್ ಶಾಫ್ಟ್‌ಗಳ ಸಣ್ಣ ಘಟಕ ನಡೆಸಿದ, ಇವುಗಳಲ್ಲಿ ಮೂರು ಬಗೆಯ ಕೋರ್ಸ್‌ಗಳಿಗೆ ಹಣ ಕಟ್ಟಿ ಕುಳಿತು ಬಂದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬದಲಾವಣೆ ಎಷ್ಟು ಬೇಗ ಬರುತ್ತದೆ ಎಂಬುದನ್ನು ನಮ್ಮವರು ಒಮ್ಮೆ ಕಂಡಿದ್ದಾರೆ. 2020ರ ಏಪ್ರಿಲ್ 1ರಂದು ದೇಶವು ಬಿಎಸ್-4ರಿಂದ ನೇರವಾಗಿ ಬಿಎಸ್-6 ಮಾಲಿನ್ಯ ನಿಯಮಕ್ಕೆ ಹಾರಿದಾಗ ಬಹುಪಾಲು ಬೈಕು ಮತ್ತು ಸ್ಕೂಟರ್‌ಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಕಾರ್ಬ್ಯುರೇಟರ್‌ನ ಸಣ್ಣ ಹಿತ್ತಾಳೆ ಭಾಗಗಳನ್ನೇ ನಂಬಿಕೊಂಡಿದ್ದವರಿಗೆ ಹೊಸ ವಾಹನಗಳ ಆರ್ಡರ್ ಕರಗಿ, ಹಳೆಯ ವಾಹನಗಳ ರಿಪೇರಿ ಮಾರುಕಟ್ಟೆಯಷ್ಟೇ ಉಳಿಯಿತು. ಎಲೆಕ್ಟ್ರಿಕ್ ವಾಹನದ ಬದಲಾವಣೆ ಇದಕ್ಕಿಂತ ನಿಧಾನ, ಆದರೆ ಇದಕ್ಕಿಂತ ಆಳ. ಪಿಸ್ಟನ್, ವಾಲ್ವ್, ಕ್ರ್ಯಾಂಕ್‌ಶಾಫ್ಟ್, ಸ್ಪಾರ್ಕ್ ಪ್ಲಗ್, ಸೈಲೆನ್ಸರ್, ಕ್ಲಚ್ ಇವು ಯಾವುದೂ ಅದರಲ್ಲಿ ಬೇಕಿಲ್ಲ. ಬ್ರೇಕ್, ಸಸ್ಪೆನ್ಷನ್, ಸ್ಟೀರಿಂಗ್, ಚಾಸಿ ಉಳಿಯುತ್ತವೆ. ಮೋಟಾರ್ ಶಾಫ್ಟ್, ಮೋಟಾರಿನ ಅಲ್ಯೂಮಿನಿಯಂ ಹೊರಕವಚ, ಬ್ಯಾಟರಿ ಟ್ರೇ, ಕರೆಂಟು ಹರಿಸುವ ತಾಮ್ರದ ಪಟ್ಟಿ ಬಸ್‌ಬಾರ್, ಶಾಖ ಹೊರಹಾಕುವ ಹೀಟ್ ಸಿಂಕ್ ಹೊಸದಾಗಿ ಬರುತ್ತವೆ. ದೇಶದಲ್ಲೇ ಮೊದಲಿಗೆ 2017ರಲ್ಲಿ ಎಲೆಕ್ಟ್ರಿಕ್ ವಾಹನ ನೀತಿಯನ್ನು ಪ್ರಕಟಿಸಿದ್ದು ಕರ್ನಾಟಕ. ಎಲೆಕ್ಟ್ರಿಕ್ ಸ್ಕೂಟರ್ ಮಾಡುವ ಏಥರ್ ಕಾರ್ಖಾನೆ ಹೊಸೂರಿನಲ್ಲಿದೆ, ಓಲಾದ್ದು ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಹೊಸ ಗಿರಾಕಿಗಳು ಲಾರಿಯಲ್ಲಿ ಅರ್ಧ ದಿನದ ದಾರಿಯೊಳಗೇ ಇದ್ದಾರೆ ಎಂದಾಯಿತು.

ಮೊದಲು ಅಳತೆಗೋಲು

ಸಂಸ್ಥೆಯ ಹೆಸರಿನಿಂದ ಶುರುಮಾಡಿದರೆ ಆಯ್ಕೆ ತಪ್ಪುತ್ತದೆ. ನಿಮ್ಮ ಶೆಡ್ಡಿನಲ್ಲಿ ಎದ್ದಿರುವ ಪ್ರಶ್ನೆಯಿಂದ ಶುರುಮಾಡಬೇಕು, ಮತ್ತು ಆ ಪ್ರಶ್ನೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ. ಹೊಸ ಗಿರಾಕಿಯ ಖರೀದಿ ವಿಭಾಗದಿಂದ ಒಂದು ಮೋಟಾರ್ ಶಾಫ್ಟಿನ ಡ್ರಾಯಿಂಗ್ ಬಂದಿದೆ ಎಂದಿಟ್ಟುಕೊಳ್ಳಿ. ಬೇರಿಂಗ್ ಕೂರುವ ಜಾಗದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ನೀವು ಇದುವರೆಗೆ ಹಿಡಿದದ್ದಕ್ಕಿಂತ ಬಿಗಿಯಾಗಿದೆ, ಡ್ರಾಯಿಂಗಿನ ಮೂಲೆಯಲ್ಲಿ ರನ್‌ಔಟ್‌ನ, ಅಂದರೆ ಶಾಫ್ಟ್ ತಿರುಗುವಾಗ ಎಷ್ಟು ಓಲಾಡಬಹುದು ಎಂಬುದರ ಗುರುತಿದೆ, ಕೆಳಗೆ ಅದುರದಂತೆ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್ ಬೇಕೆಂಬ ಒಂದು ಸಾಲಿದೆ. ಇದನ್ನು ನಮ್ಮ ಯಂತ್ರಗಳಲ್ಲಿ ಮಾಡಲಾದೀತೇ ಎಂಬುದು ಮೊದಲ ಪ್ರಶ್ನೆ. ಮಾಡಿದರೆ ಯಾವ ದರಕ್ಕೆ ಎಂಬುದು ಎರಡನೆಯದು. ಇನ್ನು ಹತ್ತು ವರ್ಷಕ್ಕೆ ನಾವು ವಾಹನದ ಕೆಲಸದಲ್ಲೇ ಇರಬೇಕೇ, ವೈದ್ಯಕೀಯ ಉಪಕರಣದ ಕಡೆಗೋ ವಿಮಾನದ ಭಾಗಗಳ ಕಡೆಗೋ ಹೊರಳಬೇಕೇ ಎಂಬುದು ಮೂರನೆಯದು. ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಹೊಸ ಯಂತ್ರಕ್ಕೆ ಸಾಲ ಮಾಡಲು ಅಪ್ಪ ಒಪ್ಪುವುದಿಲ್ಲ, ಹಳೆಯ ಕೆಲಸದಲ್ಲಿ ಕೂರಲು ಮಗ ಒಪ್ಪುವುದಿಲ್ಲ.

ಒಂದು ಪ್ರಶ್ನೆಗೆ ಹೇಳಿಮಾಡಿಸಿದ ಕೋರ್ಸ್ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ತಂತ್ರಜ್ಞಾನ ತಿಳಿದಿರುವುದಕ್ಕೂ ಸರಿಯಾದ ವ್ಯವಹಾರ ನಿರ್ಧಾರ ತೆಗೆದುಕೊಳ್ಳುವುದಕ್ಕೂ ಎಷ್ಟು ದೂರವಿದೆ ಎಂಬುದಕ್ಕೆ ಪೀಣ್ಯದ ಮಗ್ಗುಲಲ್ಲೇ ಸಾಕ್ಷಿಯಿದೆ. ಜಾಲಹಳ್ಳಿಯ ಎಚ್‌ಎಂಟಿಗೆ ಕ್ವಾರ್ಟ್ಜ್ ಗಡಿಯಾರ ಮಾಡಲು ಬರುತ್ತಿರಲಿಲ್ಲ ಎಂದಲ್ಲ. ಅದು ಕ್ವಾರ್ಟ್ಜ್ ಗಡಿಯಾರಗಳನ್ನು ಮಾಡಿತ್ತು ಕೂಡ. ಆದರೂ 1984ರಲ್ಲಿ ಸ್ಥಾಪನೆಯಾದ ಟೈಟಾನ್ ಆ ಮಾರುಕಟ್ಟೆಯನ್ನು ಹಿಡಿಯಿತು, ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಮೊದಲ ಪ್ರಶ್ನೆಗೆ ಉತ್ತರ ಕೈಯಲ್ಲಿದ್ದರೂ ಮೂರನೆಯದರಲ್ಲಿ ಸೋಲಬಹುದು.

ಎರಡನೆಯ ಅಳತೆ, ನೀವು ಘಟಕದಿಂದ ದೂರವಿರಬೇಕಾದ ದಿನಗಳು. ಶುಲ್ಕದ ಬಗ್ಗೆ ಎಲ್ಲರೂ ಚೌಕಾಸಿ ಮಾಡುತ್ತಾರೆ, ಗೈರುಹಾಜರಿಯ ಲೆಕ್ಕವನ್ನು ಮಾತ್ರ ಹಾಕುವುದಿಲ್ಲ. ಮೂರನೆಯದು ಒಟ್ಟು ಖರ್ಚು: ಪದವಿ ಕೊಡದ ಇಂಥ ಕಾರ್ಯಕ್ರಮಗಳ ಶುಲ್ಕದ ಮೇಲೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ ಬೀಳುತ್ತದೆ, ಆದ್ದರಿಂದ ಕಂಪನಿಯ ಹೆಸರಿನಲ್ಲಿ ಬಿಲ್ ಪಡೆದರೆ ಆ ತೆರಿಗೆಯನ್ನು ಹೊಂದಾಣಿಕೆ ಮಾಡಿಕೊಳ್ಳಬಹುದೇ ಎಂದು ನಿಮ್ಮ ಲೆಕ್ಕಪರಿಶೋಧಕರನ್ನು ಹಣ ಕಟ್ಟುವ ಮೊದಲೇ ಕೇಳಿ. ನಾಲ್ಕನೆಯದು, ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದು. ಸಂಬಳದ ಮ್ಯಾನೇಜರುಗಳ ತರಗತಿಯಲ್ಲಿ ಸ್ವಂತ ಮನೆ ಅಡವಿಟ್ಟವನ ಚಿಂತೆ ಚರ್ಚೆಗೆ ಬರುವುದಿಲ್ಲ. ಕೊನೆಯದು, ನಿಮ್ಮ ಘಟಕದ ಅಂಕಿಗಳನ್ನೇ ಮೇಜಿನ ಮೇಲಿಟ್ಟು ಕೆಲಸ ಮಾಡಿಸುತ್ತಾರೋ, ಇಲ್ಲ ಬೇರೆ ದೇಶದ ದೊಡ್ಡ ಕಂಪನಿಯ ಕಥೆ ಓದಿಸಿ ಕಳಿಸುತ್ತಾರೋ ಎಂಬುದು.

ಕುಟುಂಬ ಉದ್ಯಮದ ದೀರ್ಘ ಕಾರ್ಯಕ್ರಮಗಳು

ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆ ಇರುವವರಿಗೆ ಇವು. ಹೈದರಾಬಾದ್ ಮತ್ತು ಮೊಹಾಲಿಯ ನಿರ್ವಹಣಾ ಶಿಕ್ಷಣ ಸಂಸ್ಥೆ ಐಎಸ್‌ಬಿ ನಡೆಸುವ ಕುಟುಂಬ ಉದ್ಯಮ ನಿರ್ವಹಣೆಯ ಸ್ನಾತಕೋತ್ತರ ಕಾರ್ಯಕ್ರಮ ಸುಮಾರು 15 ತಿಂಗಳದು. ನಡುನಡುವೆ ಕ್ಯಾಂಪಸ್ಸಿಗೆ ಹೋಗಿ ಉಳಿದು ಬರಬೇಕು. ಮುಂಬೈನ ಎಸ್‌ಪಿ ಜೈನ್ ಸಂಸ್ಥೆ ಬಹಳ ಹಿಂದಿನಿಂದಲೂ ತಿಂಗಳಿಗೆ ಒಂದು ವಾರ ತರಗತಿ, ಉಳಿದ ಮೂರು ವಾರ ಸ್ವಂತ ಉದ್ಯಮದಲ್ಲಿ ಕೆಲಸ ಎಂಬ ಕ್ರಮವನ್ನು ಇಟ್ಟುಕೊಂಡಿದೆ. ಬೆಂಗಳೂರಿನ ಐಐಎಂ ಕೂಡ ಉದ್ಯಮಿಗಳು ಮತ್ತು ಕುಟುಂಬ ಉದ್ಯಮಗಳಿಗಾಗಿಯೇ ಬಿಡಿ ಕಂತುಗಳ ಕಾರ್ಯಕ್ರಮವನ್ನು ನಡೆಸುತ್ತಾ ಬಂದಿದೆ, ನಮಗೆ ಪ್ರಯಾಣದ ಖರ್ಚು ಉಳಿಯುತ್ತದೆ.

ಇವುಗಳ ದೊಡ್ಡ ಗುಣ ಸಹಪಾಠಿಗಳು. ಬಟ್ಟೆ, ಮುದ್ರಣ, ಔಷಧ, ಆಭರಣ, ಹೋಟೆಲು ಹೀಗೆ ಬೇರೆ ಬೇರೆ ವ್ಯವಹಾರಗಳ ಎರಡನೆಯ ತಲೆಮಾರಿನವರು ಒಂದೇ ಕೋಣೆಯಲ್ಲಿರುತ್ತಾರೆ. ನಮ್ಮ ಉದ್ಯಮಕ್ಕೆ ಈಗ ಬಂದಿರುವ ಬದಲಾವಣೆ ಅವರಲ್ಲಿ ಕೆಲವರ ಮನೆಗೆ ಹದಿನೈದು ವರ್ಷ ಮೊದಲೇ ಬಂದು ಹೋಗಿರುತ್ತದೆ. ಫಿಲ್ಮ್ ಪ್ರಿಂಟಿಂಗ್ ಲ್ಯಾಬ್ ಮುಚ್ಚಿದ ಕುಟುಂಬದವನೊಬ್ಬ, ಹಳೆಯ ಯಂತ್ರಗಳನ್ನು ಯಾವಾಗ ಮಾರಬೇಕಿತ್ತು, ಯಾವಾಗ ಮಾರಿದೆವು ಎಂದು ಊಟದ ಮೇಜಿನ ಮೇಲೆ ಹೇಳುವ ಮಾತು ಯಾವ ಪಾಠದಲ್ಲೂ ಸಿಗುವುದಿಲ್ಲ. ಇನ್ನೊಂದು ಗುಣ, ಅಪ್ಪ ಮತ್ತು ಮಗ ಮನೆಯಲ್ಲಿ ಆಡಲಾರದ ಮಾತನ್ನು ಹೊರಗಿನ ಪ್ರಾಧ್ಯಾಪಕರ ಮುಂದೆ ಕೂತು ಆಡಬಲ್ಲರು. ಯಾರ ಹೆಸರಿನಲ್ಲಿ ಎಷ್ಟು ಷೇರು, ಯಾವ ಮೊತ್ತದವರೆಗೆ ಮಗ ಒಬ್ಬನೇ ಸಹಿ ಹಾಕಬಹುದು ಎಂಬುದು ಕಾಗದದ ಮೇಲೆ ಬಂದರೆ ಹೊಸ ಯಂತ್ರದ ನಿರ್ಧಾರ ತಾನಾಗಿ ಸುಲಭವಾಗುತ್ತದೆ.

ಬೆಲೆ ಮಾತ್ರ ಭಾರಿ. ಶುಲ್ಕ ಹತ್ತು ಲಕ್ಷ ದಾಟುವುದು ಅಪರೂಪವಲ್ಲ. ಅದಕ್ಕಿಂತ ಹೆಚ್ಚಾಗಿ, ತಿಂಗಳಿಗೆ ಐದು ದಿನದಂತೆ ವರ್ಷಕ್ಕೆ 60 ಕೆಲಸದ ದಿನಗಳು ಹೋಗುತ್ತವೆ. ಹೊಸ ಕೆಲಸಕ್ಕೆ ಯಂತ್ರವನ್ನು ಅಣಿಗೊಳಿಸುವ ಸೆಟ್ಟಿಂಗ್ ಬಲ್ಲವರು ನೀವೊಬ್ಬರೇ ಆಗಿದ್ದು, ನೀವಿಲ್ಲದ ದಿನ ಎರಡು ಯಂತ್ರ ನಿಲ್ಲುತ್ತವೆ ಎಂದುಕೊಳ್ಳಿ. ಮುಂದೆ ಹೇಳುವ ರೀತಿಯಲ್ಲಿ ಗಂಟೆಯ ದರ ಹಾಕಿದರೆ ದಿನಕ್ಕೆ ಸುಮಾರು 8,500 ರೂಪಾಯಿ, ವರ್ಷಕ್ಕೆ 5 ಲಕ್ಷದ ಮೇಲೆ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ವರ್ಷಕ್ಕೆ ನಾಲ್ಕೈದು ಕೋಟಿ ವಹಿವಾಟಿನ, ಮಾಲೀಕನೇ ಸೂಪರ್‌ವೈಸರ್ ಆಗಿರುವ ಘಟಕದವರು ಇದಕ್ಕೆ ಸೇರಬಾರದು. ಇಪ್ಪತ್ತು ಮೂವತ್ತು ಕೋಟಿ ವಹಿವಾಟು, ನಂಬಿಕೆಯ ಪ್ರೊಡಕ್ಷನ್ ಮ್ಯಾನೇಜರ್, ಮೂವತ್ತರೊಳಗಿನ ಮಗಳೋ ಮಗನೋ ಇರುವವರು ಮಕ್ಕಳನ್ನು ಕಳಿಸಲಿ. ಹಾರ್ವರ್ಡ್‌ನಲ್ಲಿ ಮಾಲೀಕರಿಗೆಂದೇ ಮೂರು ಹಂತಗಳ ಕಾರ್ಯಕ್ರಮ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಇದಕ್ಕಿಂತ ಬಹಳ ದೊಡ್ಡ ವಹಿವಾಟಿನವರ ಮಾತು, ಇಲ್ಲಿ ಬೆಳೆಸುವುದಿಲ್ಲ.

ಮೂರರಿಂದ ಐದು ದಿನದ ಕೋರ್ಸ್‌ಗಳು

ಐಐಎಂಗಳಲ್ಲಿ ಮತ್ತು ಇತರ ನಿರ್ವಹಣಾ ಸಂಸ್ಥೆಗಳಲ್ಲಿ ಹಣಕಾಸು, ದರ ನಿಗದಿ, ಮಾತುಕತೆಯ ಕಲೆ, ಕಾರ್ಯತಂತ್ರ ಎಂದು ವಿಷಯಕ್ಕೊಂದರಂತೆ ಚಿಕ್ಕ ಕೋರ್ಸ್‌ಗಳು ನಡೆಯುತ್ತವೆ. ಒಂದರಿಂದ ಎರಡು ಲಕ್ಷದ ಆಚೀಚೆ ಖರ್ಚಾಗುತ್ತದೆ. ಕಾರ್ಯತಂತ್ರದ ಕೋರ್ಸ್‌ನಲ್ಲಿ ಮ್ಯಾನೇಜರುಗಳೇ ತುಂಬಿರುತ್ತಾರೆ, ನಮಗೆ ಹಿಡಿತಕ್ಕೆ ಸಿಗುವುದು ಕಡಿಮೆ. ಲೆಕ್ಕದ ಕೋರ್ಸ್ ಬೇರೆಯೇ. ಎರಡನೆಯ ಪ್ರಶ್ನೆ, ಅಂದರೆ ಯಾವ ದರಕ್ಕೆ ಎಂಬ ಪ್ರಶ್ನೆ ಇರುವವರಿಗೆ ಇಷ್ಟು ಲಾಭ ಕೊಡುವ ನಾಲ್ಕು ದಿನಗಳು ಬೇರೆ ಇಲ್ಲ.

ನನ್ನದೇ ಯಂತ್ರದ ಲೆಕ್ಕ ಅಲ್ಲಿ ಬದಲಾಯಿತು, ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ, 40 ಲಕ್ಷದ ಒಂದು ವಿಎಂಸಿ ಯಂತ್ರ. ಹತ್ತು ವರ್ಷದ ಸವಕಳಿ ಎಂದು ವರ್ಷಕ್ಕೆ 4 ಲಕ್ಷ, ಬ್ಯಾಂಕ್ ಬಡ್ಡಿ 2 ಲಕ್ಷ, ಕರೆಂಟು 1.2 ಲಕ್ಷ, ಆಪರೇಟರ್ ಸಂಬಳ 3.6 ಲಕ್ಷ, ಶೆಡ್ಡಿನ ಬಾಡಿಗೆಯಲ್ಲಿ ಅದರ ಪಾಲು 1.2 ಲಕ್ಷ, ರಿಪೇರಿ ಮತ್ತು ವಿಮೆ 80 ಸಾವಿರ, ಒಟ್ಟು 12.8 ಲಕ್ಷ. ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ ಎಂದು 2,400ರಿಂದ ಭಾಗಿಸಿ ಗಂಟೆಗೆ 533 ರೂಪಾಯಿ ಬೀಳುತ್ತದೆ ಎಂದುಕೊಂಡಿದ್ದೆ. ಗಂಟೆಗೆ 600 ರೂಪಾಯಿಗೆ ಜಾಬ್ ವರ್ಕ್ (ಬೇರೆಯವರಿಗೆ ಕೂಲಿಗೆ ಮಾಡಿಕೊಡುವ ಕೆಲಸ) ಒಪ್ಪಿ 67 ರೂಪಾಯಿ ಲಾಭ ಎಂದು ನೆಮ್ಮದಿಯಾಗಿದ್ದೆ. ಪಾಠ ಮಾಡಿದವರು ಕೇಳಿದ್ದು ಒಂದೇ ಮಾತು: ಟೂಲ್ ಬದಲಿಸುವಾಗ, ಸೆಟ್ಟಿಂಗ್ ಮಾಡುವಾಗ, ಕರೆಂಟು ಹೋದಾಗ, ಮೊದಲ ಪೀಸ್ ಪಾಸಾಗಲು ಕಾಯುವಾಗ ಆ ಯಂತ್ರ ದುಡಿಯುತ್ತದೆಯೇ? ಊರಿಗೆ ಬಂದು ಎರಡು ವಾರ ಗಡಿಯಾರ ಹಿಡಿದು ಬರೆದುಕೊಂಡಾಗ ಯಂತ್ರ ನಿಜವಾಗಿ ಲೋಹ ಕತ್ತರಿಸಿದ್ದು ಮುಕ್ಕಾಲು ಪಾಲು ಹೊತ್ತು, ಎಂದರೆ ವರ್ಷಕ್ಕೆ 1,800 ಗಂಟೆ. ನಿಜವಾದ ದರ 711 ರೂಪಾಯಿ. ಲಾಭ ಎಂದುಕೊಂಡಿದ್ದ ಪ್ರತಿ ಗಂಟೆಗೂ ಕೈಯಿಂದ 111 ರೂಪಾಯಿ ಹೋಗುತ್ತಿತ್ತು.

ಹೊಸ ಗಿರಾಕಿಯ ಡ್ರಾಯಿಂಗಿಗೆ ದರ ಕೊಡುವ ಮೊದಲು ಈ ಲೆಕ್ಕ ಗೊತ್ತಿರಲೇಬೇಕು, ಏಕೆಂದರೆ ಎಲೆಕ್ಟ್ರಿಕ್ ವಾಹನದ ಕಂಪನಿಗಳು ಆರಂಭದಲ್ಲಿ ಸಣ್ಣ ಸಂಖ್ಯೆಯ ಆರ್ಡರ್ ಕೊಟ್ಟು ಡ್ರಾಯಿಂಗನ್ನು ಮತ್ತೆ ಮತ್ತೆ ಬದಲಿಸುತ್ತಿರುತ್ತವೆ. ಸೆಟ್ಟಿಂಗ್ ಹೊತ್ತು ಹೆಚ್ಚಿ, ಕತ್ತರಿಸುವ ಹೊತ್ತು ಇನ್ನೂ ಇಳಿಯುತ್ತದೆ. ಸೇರುವ ಮೊದಲು ಕಾರ್ಯಕ್ರಮದ ಕಚೇರಿಗೆ ಫೋನು ಮಾಡಿ, ನಮ್ಮ ಸ್ವಂತ ಲೆಕ್ಕಪತ್ರ ತಂದರೆ ಅದರ ಮೇಲೆ ಕೆಲಸ ಮಾಡಿಸುತ್ತೀರಾ ಎಂದು ಕೇಳಿ. ತಡವರಿಸಿದರೆ ಆ ಕೋರ್ಸ್ ಬಿಡಿ.

ಯಂತ್ರದ ಕಡೆಯ ತರಬೇತಿ

ಮಾಡಲಾದೀತೇ ಎಂಬುದೇ ಪ್ರಶ್ನೆಯಾಗಿದ್ದರೆ ಐಐಎಂನ ಅಗತ್ಯವೇ ಇಲ್ಲ. ತುಮಕೂರು ರಸ್ತೆಯಲ್ಲಿ, ಪೀಣ್ಯಕ್ಕೆ ಕೂಗಳತೆಯಲ್ಲಿ, 1962ರಿಂದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐ ಇದೆ. ರಾಜಾಜಿನಗರದಲ್ಲಿ ಡೆನ್ಮಾರ್ಕ್ ಸಹಕಾರದೊಂದಿಗೆ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಜಿಟಿಟಿಸಿ ಇದೆ, ಅದರ ಶಾಖೆಗಳು ರಾಜ್ಯದ ಹಲವು ಜಿಲ್ಲೆಗಳಲ್ಲಿವೆ. ಅಳತೆ ವಿಜ್ಞಾನ, ಡ್ರಾಯಿಂಗ್ ಓದುವ ಕ್ರಮ, ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ (ಸಿಎನ್‌ಸಿ) ಪ್ರೋಗ್ರಾಮಿಂಗ್ ಇಂಥ ಚಿಕ್ಕ ತರಬೇತಿಗಳಿಗೆ ತಗಲುವ ಹಣ ನಿರ್ವಹಣಾ ಕೋರ್ಸ್‌ಗಳ ಒಂದು ಸಣ್ಣ ಪಾಲು ಮಾತ್ರ. ಇಲ್ಲಿ ನನ್ನ ಸಲಹೆ, ಮಾಲೀಕ ಒಬ್ಬನೇ ಹೋಗದೆ ಗ್ರೈಂಡಿಂಗ್ ನೋಡಿಕೊಳ್ಳುವ ಹಿರಿಯ ಆಪರೇಟರನ್ನೂ ಜೊತೆಗೆ ಕರೆದೊಯ್ಯಬೇಕು. ಮಾಲೀಕ ಕಲಿತು ಬಂದು ಹೇಳಿದರೆ ಅದು ಅಪ್ಪಣೆಯಾಗುತ್ತದೆ; ಇಬ್ಬರೂ ಕಲಿತು ಬಂದರೆ ಮಾರನೆಯ ಬೆಳಿಗ್ಗೆ ಯಂತ್ರದ ಮುಂದೆ ಚರ್ಚೆಯಾಗುತ್ತದೆ.

ಶೆಡ್ಡಿಗೇ ಬರುವ ಪಾಠ

ಇದನ್ನು ಕೋರ್ಸ್ ಎಂದು ಯಾರೂ ಎಣಿಸುವುದಿಲ್ಲ, ಆದರೆ ಸಣ್ಣ ಘಟಕಕ್ಕೆ ಇದೇ ಮೊದಲ ಮೆಟ್ಟಿಲಾಗಬೇಕು ಎಂದು ನಾನು ನಂಬಿದ್ದೇನೆ. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳನ್ನು ನೋಡಿಕೊಳ್ಳುವ ಕೇಂದ್ರದ ಎಂಎಸ್‌ಎಂಇ ಸಚಿವಾಲಯವು 2022ರ ಏಪ್ರಿಲ್‌ನಲ್ಲಿ ಶುರುಮಾಡಿದ, ದೋಷವೂ ಪರಿಸರ ಹಾನಿಯೂ ಇಲ್ಲದ ಉತ್ಪಾದನೆಯ ಗುರಿಯ ಝೆಡ್ ಪ್ರಮಾಣಪತ್ರ ಯೋಜನೆಯಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳಿದ್ದು, ಶುಲ್ಕವನ್ನು ಕ್ರಮವಾಗಿ 10,000, 40,000 ಮತ್ತು 90,000 ರೂಪಾಯಿ ಎಂದು ಇಡಲಾಯಿತು. ಅದರಲ್ಲಿ ಅತಿಸಣ್ಣ ಘಟಕಕ್ಕೆ ಶೇ 80, ಸಣ್ಣದಕ್ಕೆ ಶೇ 60, ಮಧ್ಯಮಕ್ಕೆ ಶೇ 50 ರಿಯಾಯಿತಿ. ಕೆಲಸದಲ್ಲಿ ವ್ಯರ್ಥವಾಗುವುದನ್ನು ಇಳಿಸಲು 2023ರ ಮಾರ್ಚ್‌ನಲ್ಲಿ ಬಂದ ಲೀನ್ ಯೋಜನೆಯಲ್ಲಿ ಸಲಹೆಗಾರರು ಘಟಕಕ್ಕೇ ಬಂದು, ತಿಂಗಳುಗಟ್ಟಲೆ ಜೊತೆಯಲ್ಲಿ ಕೆಲಸ ಮಾಡುತ್ತಾರೆ, ಖರ್ಚಿನ ಶೇ 90ನ್ನು ಕೇಂದ್ರ ಸರ್ಕಾರ ಭರಿಸುವ ಏರ್ಪಾಡಾಯಿತು. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವಾಗ ಸದ್ಯದ ಆದೇಶ ನೋಡಿಕೊಳ್ಳಿ. ಇಂಥ ಘಟಕಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರಲೇಬೇಕು.

ಗೈರುಹಾಜರಿ ಇಲ್ಲ, ಭಾಷೆಯ ತೊಡಕಿಲ್ಲ, ಸ್ವಂತ ಅಂಕಿಗಳ ಮೇಲೇ ಕೆಲಸ. ಸಲಹೆಗಾರ ಚೆನ್ನಾಗಿದ್ದರೆ ಸೆಟ್ಟಿಂಗ್ ಹೊತ್ತು, ರಿಜೆಕ್ಷನ್, ಗೋಡೆ ಬದಿ ರಾಶಿ ಬಿದ್ದ ಅರ್ಧಂಬರ್ಧ ಮಾಲು ಇವೆಲ್ಲ ಕಣ್ಣಿಗೆ ಕಾಣುವಂತೆ ಇಳಿಯುತ್ತವೆ. ಚೆನ್ನಾಗಿಲ್ಲದಿದ್ದರೆ ನೆಲಕ್ಕೆ ಹಳದಿ ಗೆರೆ, ಗೋಡೆಗೆ ಬೋರ್ಡು ಮಾತ್ರ ಉಳಿಯುತ್ತದೆ. ಆದ್ದರಿಂದ ಅವರು ಹಿಂದೆ ಕೆಲಸ ಮಾಡಿದ ಎರಡು ಘಟಕಗಳಿಗೆ ಹೋಗಿ ನೋಡಿ. ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಅಥವಾ ಪೀಣ್ಯ ಕೈಗಾರಿಕಾ ಸಂಘದಲ್ಲಿ ಕೇಳಿದರೆ ಯಾರ ಕೆಲಸ ಹೇಗೆ ಎಂಬುದು ತಿಳಿಯುತ್ತದೆ. ಒಂದು ಮಿತಿ ನೆನಪಿರಲಿ: ಈ ವಿಧಾನ ಇರುವ ಕೆಲಸವನ್ನು ಚೊಕ್ಕ ಮಾಡುತ್ತದೆಯೇ ಹೊರತು, ಆ ಕೆಲಸ ಇನ್ನು ಐದು ವರ್ಷ ಇರುತ್ತದೆಯೇ ಎಂದು ಹೇಳುವುದಿಲ್ಲ. ಕ್ಲಚ್ ಪ್ಲೇಟನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದರೂ ಎಲೆಕ್ಟ್ರಿಕ್ ಸ್ಕೂಟರಿಗೆ ಅದು ಬೇಡ.

ಆನ್‌ಲೈನ್

ಇದರಲ್ಲಿ ಎರಡು ಬಗೆ ಇದೆ, ಎರಡನ್ನೂ ಒಂದೇ ಎಂದು ತಿಳಿದರೆ ಕೈಸುಟ್ಟುಕೊಳ್ಳುತ್ತೀರಿ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳು ಉಚಿತ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಸುಮಾರು ಸಾವಿರ ರೂಪಾಯಿ ಕಟ್ಟಿ ಪರೀಕ್ಷೆ ಬರೆಯಬೇಕು. ಐಐಟಿ ಮದ್ರಾಸಿನ ಅಶೋಕ್ ಝುಂಝುನ್‌ವಾಲಾ ಮತ್ತು ಸಂಗಡಿಗರು ಎಲೆಕ್ಟ್ರಿಕ್ ವಾಹನದ ತಂತ್ರಜ್ಞಾನ ಮತ್ತು ಅರ್ಥಶಾಸ್ತ್ರದ ಬಗ್ಗೆ ಮಾಡಿದ ಪಾಠಮಾಲೆಯನ್ನು, ಎಲ್ಲ ಸಮೀಕರಣ ಅರ್ಥವಾಗದಿದ್ದರೂ, ಈ ಉದ್ಯಮದ ಪ್ರತಿ ಮಾಲೀಕರೂ ನೋಡಬೇಕು. ವಾಹನದ ಬೆಲೆಯಲ್ಲಿ ಬ್ಯಾಟರಿಯ ಪಾಲು ಎಷ್ಟು ದೊಡ್ಡದು ಎಂದು ತಿಳಿದರೆ, ನಮ್ಮ ಶಾಫ್ಟಿನ ದರದಲ್ಲಿ ಖರೀದಿ ವಿಭಾಗ ಹತ್ತು ಪೈಸೆಗೂ ಏಕೆ ಜಗ್ಗುತ್ತದೆ ಎಂಬುದು ಅರ್ಥವಾಗುತ್ತದೆ.

ಇನ್ನೊಂದು ಬಗೆ, ಪ್ರಸಿದ್ಧ ಸಂಸ್ಥೆಯ ಹೆಸರು ಮುಂದಿಟ್ಟು ಶಿಕ್ಷಣ ಕಂಪನಿಗಳು ಲಕ್ಷಗಟ್ಟಲೆಗೆ ಮಾರುವ ಆರೆಂಟು ತಿಂಗಳ ಸರ್ಟಿಫಿಕೇಟ್. ಅಂಥದ್ದೊಂದಕ್ಕೆ ನಾನು ಸೇರಿದ್ದೆ. ಭಾನುವಾರದ ತರಗತಿಯ ಪರದೆಯ ಮೇಲೆ ಮುನ್ನೂರಕ್ಕೂ ಹೆಚ್ಚು ಹೆಸರುಗಳಿದ್ದವು, ಅರ್ಧ ಪಾಠ ಮೊದಲೇ ರೆಕಾರ್ಡ್ ಮಾಡಿದ್ದಾಗಿತ್ತು. ನನ್ನ ಮಾರಾಟದ ಶೇ 70 ಒಬ್ಬನೇ ಗಿರಾಕಿಯಿಂದ ಬರುತ್ತಿದೆ, ಅವನಿಗೆ ತಿಳಿಯದಂತೆ ಹೊಸಬರನ್ನು ಹೇಗೆ ಹುಡುಕಲಿ ಎಂದು ನಾನು ಬರೆದ ಪ್ರಶ್ನೆ ಕೊನೆಯವರೆಗೂ ಉತ್ತರವಿಲ್ಲದೆ ಉಳಿಯಿತು. ಬೇರೆ ಕಡೆ ಕೆಲಸ ಹುಡುಕುವ ಮ್ಯಾನೇಜರಿಗೆ ಆ ಸರ್ಟಿಫಿಕೇಟಿನಿಂದ ಪ್ರಯೋಜನ ಇದ್ದೀತು. ಮಾಲೀಕನ ಗೋಡೆಯ ಮೇಲಿನ ಸರ್ಟಿಫಿಕೇಟ್ ನೋಡಿ ಯಾರೂ ಆರ್ಡರ್ ಕೊಡುವುದಿಲ್ಲ.

ಯಾರಿಗೆ ಯಾವುದು, ಯಾವ ಕ್ರಮದಲ್ಲಿ

ಎಂಟು ಹತ್ತು ಮಂದಿಯ ಘಟಕ, ಕೈಯಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಬಿಡಲಾಗದು ಎನ್ನುವವರು ಉಚಿತ ಪಾಠಮಾಲೆಯನ್ನು ರಾತ್ರಿ ನೋಡುತ್ತಾ ಝೆಡ್‌ನ ಕಂಚಿನ ಹಂತಕ್ಕೆ ಅರ್ಜಿ ಹಾಕಲಿ, ಆಪರೇಟರ್ ಜೊತೆ ಒಂದು ಅಳತೆ ತರಬೇತಿ ಮುಗಿಸಲಿ. ಎರಡು ಮೂರು ಲಕ್ಷ ತೆಗೆದಿಡಬಲ್ಲವರು ಇದೇ ಕೆಲಸಗಳ ಮೇಲೆ ಲೆಕ್ಕದ ನಾಲ್ಕು ದಿನದ ಕೋರ್ಸ್ ಸೇರಿಸಿಕೊಳ್ಳಲಿ, ಆದರೆ ಶೆಡ್ಡಿನಲ್ಲಿ ಲೀನ್ ಕೆಲಸವನ್ನೂ ಮುಗಿಸಿದ ನಂತರ. ಏಕೆಂದರೆ ಯಂತ್ರ ಎಷ್ಟು ಗಂಟೆ ದುಡಿಯುತ್ತದೆ ಎಂಬ ಅಂಕಿ ಕೈಯಲ್ಲಿಲ್ಲದೆ ಅಲ್ಲಿ ಕುಳಿತರೆ ಅರ್ಧ ಪಾಠ ವ್ಯರ್ಥ. ದೀರ್ಘ ಕಾರ್ಯಕ್ರಮಕ್ಕೆ ಮನಸ್ಸು ಮಾಡಿದ ದೊಡ್ಡ ಘಟಕದವರು ಮೊದಲು ಒಂದು ಪ್ರಯೋಗ ಮಾಡಿ ನೋಡಲಿ: ಮಾಲೀಕರು ಒಂದು ವಾರ ಊರಲ್ಲಿ ಇಲ್ಲದಂತೆ ಇದ್ದು, ಫೋನು ಕೂಡ ಮಾಡದೆ, ಆ ವಾರದ ಡೆಲಿವರಿ ಶೆಡ್ಯೂಲ್ ಎಷ್ಟು ತಪ್ಪಿತು ಎಂದು ಬರೆದುಕೊಳ್ಳಲಿ. ಹೆಚ್ಚು ತಪ್ಪಿದ್ದರೆ ಆ ವರ್ಷದ ಶುಲ್ಕದ ಹಣದಲ್ಲಿ ಒಬ್ಬ ಒಳ್ಳೆಯ ಪ್ರೊಡಕ್ಷನ್ ಮ್ಯಾನೇಜರನ್ನು ನೇಮಿಸಿ, ಕೋರ್ಸನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ಲೇಸು.

ತಿಂಗಳ ಆಯ್ಕೆಯೂ ಮುಖ್ಯ. ದಸರಾ, ದೀಪಾವಳಿಯ ಮಾರಾಟಕ್ಕಾಗಿ ವಾಹನ ಕಂಪನಿಗಳು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಶೆಡ್ಯೂಲ್ ಏರಿಸುತ್ತವೆ, ಮಾರ್ಚ್‌ನಲ್ಲಿ ವರ್ಷಾಂತ್ಯದ ಲೆಕ್ಕ ಇರುತ್ತದೆ. ನವೆಂಬರ್ ಕೊನೆಯಿಂದ ಜನವರಿಯ ನಡುವೆ ಬರುವ ತಂಡಕ್ಕೆ ಹೆಸರು ಕೊಡಿ, ಹೊರಡುವ ಮುನ್ನ ಆ ಶಾಫ್ಟಿನ ಡ್ರಾಯಿಂಗನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಿ.